ಟಿವಿ ಕೆಟ್ಟಾಗ ಬಿಚ್ಚುವ ಮೊದಲು ಏನು ನೋಡಬೇಕು, ಬಿಚ್ಚಿದ ಮೇಲೆ ಎಲ್ಲಿ ಕೈ ಹಾಕಬಾರದು: ಕಲಬುರಗಿ ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಲಬುರಗಿ ಕಡೆ ಫ್ಲಾಟ್ ಟಿವಿಗೆ ಮೂರು ಶತ್ರುಗಳು: ಕರೆಂಟಿನ ಏರಿಳಿತ, ಬಿಸಿಲು, ದೂಳು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಗೋಡೆಗೆ ಒತ್ತಿ ಕೂಡಿಸಿದ ಟಿವಿಯ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತದೆ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಟ್ಟಿನ ದೂಳು ಮನೆಯೊಳಗೇ ಬರುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲಿನ ಪುಡಿ, ಸಿಮೆಂಟ್ ಪುಡಿ ಬೇರೆ. ಇನ್ನು ಗಾಳಿಮಳೆ ಶುರುವಾದ ಸಂಜೆ ಲೈಟು ಒಮ್ಮೆ ಮಿಂಚಿ ಒಮ್ಮೆ ಮಂಕಾಗುವುದನ್ನು ನೋಡದವರು ಯಾರೂ ಇಲ್ಲ.

ಇದರಲ್ಲಿ ಒಂದು ಸಮಾಧಾನದ ವಿಷಯವಿದೆ. ಈ ಮೂರರ ಹೊಡೆತ ಹೆಚ್ಚಾಗಿ ಬೀಳುವುದು ಪವರ್ ಸಪ್ಲೈ ಬೋರ್ಡ್ ಮೇಲೆ ಮತ್ತು ಪರದೆಯ ಹಿಂದಿರುವ ಎಲ್‌ಇಡಿ ಪಟ್ಟಿಗಳ ಮೇಲೆ. ಟಿವಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಗಾಜಿನ ಪರದೆ, ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಹಾಗಾಗಿ "ಹೋಯ್ತು" ಅಂತ ಮೂಲೆಗೆ ಇಟ್ಟ ಟಿವಿ ಒಂದು ಫ್ಯೂಸ್, ಒಂದೆರಡು ಕೆಪಾಸಿಟರ್ ಅಥವಾ ಒಂದು ಸೆಟ್ ಎಲ್‌ಇಡಿ ಪಟ್ಟಿಯಿಂದ ಮತ್ತೆ ನಡೆಯಬಹುದು. ಆದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗದೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಬೇಡಿ. ಅರ್ಧ ರಿಪೇರಿ ಕವರ್ ಮುಚ್ಚಿರುವಾಗಲೇ ಆಗಬೇಕು. ಉಳಿದ ಅರ್ಧದಲ್ಲಿ ಜೀವದ ಪ್ರಶ್ನೆ ಇದೆ, ಅದಕ್ಕೇ ಅದನ್ನು ಮೊದಲು ಹೇಳುತ್ತೇನೆ.

ಪ್ಲಗ್ ಕಿತ್ತರೂ ಶಾಕ್ ಹೊಡೆಯುತ್ತದೆ

ಗೋಡೆಯಿಂದ ಬರುವುದು 230 ವೋಲ್ಟ್ ಎಸಿ. ಟಿವಿಯ ಪವರ್ ಸಪ್ಲೈ ಅದನ್ನು ಮೊದಲು ಡಿಸಿ ಮಾಡುತ್ತದೆ. ಆಗ ಅದು ಸುಮಾರು 325 ವೋಲ್ಟ್ ಆಗುತ್ತದೆ. ದೊಡ್ಡ ಟಿವಿಗಳಲ್ಲಿ 380ರಿಂದ 400 ವೋಲ್ಟ್‌ವರೆಗೂ ಹೋಗುತ್ತದೆ. ಬೋರ್ಡ್ ಮೇಲೆ ದಪ್ಪಗೆ ಡಬ್ಬಿಯ ಹಾಗೆ ಇರುವ ಕೆಪಾಸಿಟರ್ ಇದೆಯಲ್ಲ, ಮೈಮೇಲೆ 400 ಅಥವಾ 450 ವೋಲ್ಟ್ ಅಂತ ಬರೆದಿರುತ್ತದೆ, ಇಷ್ಟೂ ವೋಲ್ಟೇಜು ಅದರೊಳಗೆ ಕೂತಿರುತ್ತದೆ. ನಳ ಬಂದ್ ಆದರೂ ಹಂಡೆಯಲ್ಲಿ ನೀರು ಉಳಿದಿರುವ ಹಾಗೆ, ಪ್ಲಗ್ ಕಿತ್ತ ಮೇಲೂ ಅಲ್ಲಿ ಕರೆಂಟು ಉಳಿದಿರುತ್ತದೆ.

ಚೆನ್ನಾಗಿ ನಡೆಯುವ ಟಿವಿಯಲ್ಲಿ ಈ ಚಾರ್ಜ್ ಬೇಗ ಖಾಲಿಯಾಗುತ್ತದೆ. ಕೆಟ್ಟ ಟಿವಿಯಲ್ಲಿ ಆಗುವುದಿಲ್ಲ. ಫ್ಯೂಸ್ ಸರಿ ಇದ್ದು, ಮುಂದಿನ ಸರ್ಕ್ಯೂಟ್ ಸತ್ತಿದ್ದರೆ ಆ ಚಾರ್ಜ್ ಹೋಗುವುದಕ್ಕೆ ದಾರಿಯೇ ಇರುವುದಿಲ್ಲ. ನೀವು ಬಿಚ್ಚುವುದು ಕೆಟ್ಟ ಟಿವಿಯನ್ನೇ ಅಲ್ವಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಪ್ಲಗ್ ಪೂರ್ತಿ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ವೈರಿಂಗ್ ಉಲ್ಟಾ ಇರುವ ಬೋರ್ಡಿನಲ್ಲಿ ಸ್ವಿಚ್ ಆಫ್ ಇದ್ದರೂ ಫೇಸ್ ಬರುತ್ತಲೇ ಇರುತ್ತದೆ. ಡಿಶ್ ವೈರು, ಎಚ್‌ಡಿಎಂಐ, ಲ್ಯಾನ್ ಎಲ್ಲವನ್ನೂ ತೆಗೆಯಿರಿ. 10 ನಿಮಿಷ ಬಿಡಿ. ಆಮೇಲೆ ಕವರ್ ತೆಗೆದು (ಕ್ರಮ ಮುಂದೆ ಹೇಳಿದೆ), ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಡಿಸಿ 600 ಅಥವಾ 1000 ವೋಲ್ಟ್‌ಗೆ ಇಟ್ಟು ದಪ್ಪ ಕೆಪಾಸಿಟರಿನ ಎರಡು ಕಾಲುಗಳ ನಡುವೆ ನೋಡಿ. 10 ವೋಲ್ಟ್‌ಗಿಂತ ಕಡಿಮೆ ಇದ್ದರೆ ಮಾತ್ರ ಕೈ ಹಾಕಿ. ಜಾಸ್ತಿ ಇದ್ದರೆ ಹಳೆಯ ಕಾಲದ ತಂತಿ ಇರುವ 60 ಅಥವಾ 100 ವ್ಯಾಟಿನ ಬಲ್ಬಿಗೆ ಹೋಲ್ಡರ್ ಹಾಕಿ, ಅದರ ಎರಡು ವೈರಿನ ತುದಿಗೆ ಪ್ಲಾಸ್ಟಿಕ್ ಹಿಡಿಕೆಯ ಪ್ರೋಬ್ ಕಟ್ಟಿ, ಆ ಎರಡು ಕಾಲುಗಳಿಗೆ ಮುಟ್ಟಿಸಿ. ಬಲ್ಬು ಒಮ್ಮೆ ಮಿಂಚಿ ಆರುತ್ತದೆ. ಮತ್ತೆ ಅಳೆಯಿರಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಸ್ಕ್ರೂಡ್ರೈವರಿನಿಂದ ಎರಡು ಕಾಲು ಕೂಡಿಸಿ ಚಟ್ ಅನ್ನಿಸುವವರನ್ನು ನೀವು ನೋಡಿರಬಹುದು. ಬೇಡವೇ ಬೇಡ. ಕಿಡಿ ಕಣ್ಣಿಗೆ ಹಾರುತ್ತದೆ, ಬೋರ್ಡೂ ಕೆಡುತ್ತದೆ.

ಮಲ್ಟಿಮೀಟರ್ ಇಲ್ಲದಿದ್ದರೆ ಕವರ್ ಬಿಚ್ಚಬೇಡಿ. ಇದರಲ್ಲಿ ಬೇರೆ ದಾರಿ ಇಲ್ಲ.

ಇನ್ನು ಕೆಲವು ಎಚ್ಚರಿಕೆ. ಉಂಗುರ, ಬಳೆ, ವಾಚ್ ತೆಗೆದಿಡಿ. ಒಣ ನೆಲ, ಕಾಲಿಗೆ ರಬ್ಬರ್ ಚಪ್ಪಲಿ. ಮನೆಯಲ್ಲಿ ಒಬ್ಬರೇ ಇದ್ದಾಗ ಬೇಡ. ಜೊತೆಗಿರುವವರಿಗೆ ಮೇನ್ ಸ್ವಿಚ್ ಎಲ್ಲಿದೆ ಅಂತ ತೋರಿಸಿ ಕೂರಿ. ಮನೆಗೆ ಆರ್‌ಸಿಸಿಬಿ ಇದೆ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅದು ನೆಲಕ್ಕೆ ಸೋರುವ ಕರೆಂಟನ್ನು ಹಿಡಿಯುತ್ತದೆಯೇ ಹೊರತು ಕೆಪಾಸಿಟರಿನ ಶಾಕನ್ನು ತಡೆಯುವುದಿಲ್ಲ. ಗುಡುಗು ಸಿಡಿಲು ಇರುವಾಗ ಈ ಕೆಲಸವೇ ಬೇಡ.

ಕವರ್ ಮುಚ್ಚಿದ್ದಾಗಲೇ ಮಾಡುವ ಪರೀಕ್ಷೆ

ಮೊದಲು ಪ್ಲಗ್ ಪಾಯಿಂಟು. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಅಥವಾ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಎಕ್ಸ್‌ಟೆನ್ಶನ್ ಬಾಕ್ಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಸ್ಟೆಬಿಲೈಜರ್ ಇದ್ದರೆ ಅದರ ಔಟ್‌ಪುಟ್ ಬರುತ್ತಿದೆಯಾ ನೋಡಿ. ಟಿವಿ ಸತ್ತಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋದ ಮೇಲೆ ಸಡಿಲ ಸಾಕೆಟ್ ಅಂತ ಗೊತ್ತಾಗುವುದು ತುಂಬ ಬೇಸರದ ಸಂಗತಿ.

ಎರಡನೆಯದು ರೀಸೆಟ್. ಪ್ಲಗ್ ಕಿತ್ತು, ಟಿವಿಯ ಮೇಲಿರುವ ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. 5 ನಿಮಿಷ ಬಿಟ್ಟು ಮತ್ತೆ ಹಾಕಿ. ಸ್ಮಾರ್ಟ್ ಟಿವಿಗಳು ಒಳಗೆ ಸಣ್ಣ ಕಂಪ್ಯೂಟರೇ, ವೋಲ್ಟೇಜ್ ಕುಣಿದಾಗ ಹ್ಯಾಂಗ್ ಆಗುತ್ತವೆ. ಇಷ್ಟರಲ್ಲೇ ಎದ್ದು ಕೂರುವ ಟಿವಿಗಳು ಬಹಳ.

ಮೂರನೆಯದು ರಿಮೋಟ್. ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮುಂದಿನ ಬಲ್ಬಿನ ಕಡೆ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ನೇರಳೆ ಅಥವಾ ಬಿಳಿ ಬೆಳಕು ಮಿನುಗಿದರೆ ರಿಮೋಟ್ ಸರಿ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಹಿಂದಿನದರಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಇರಬಹುದು. ಬ್ಲೂಟೂತ್ ರಿಮೋಟಿನಲ್ಲಿ ಪವರ್ ಬಟನ್ ಒಂದನ್ನೇ ಹೀಗೆ ನೋಡಬಹುದು, ಕೆಲವದರಲ್ಲಿ ಅದೂ ಕಾಣುವುದಿಲ್ಲ. ರಿಮೋಟ್ ಬಿಟ್ಟು ಟಿವಿಯ ಮೇಲಿನ ಬಟನ್‌ನಿಂದ ಆನ್ ಆದರೆ ಕೆಲಸ ಮುಗಿಯಿತು.

ಇಷ್ಟಾದ ಮೇಲೂ ಸರಿಹೋಗದಿದ್ದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೆಂಪು ಲೈಟ್ ಬರುತ್ತಿದೆಯಾ? ಧ್ವನಿ ಬರುತ್ತಿದೆಯಾ? ಚಿತ್ರ ಹೇಗಿದೆ? ಈ ಮೂರರ ಉತ್ತರದಲ್ಲೇ ಕೆಟ್ಟ ಬೋರ್ಡ್ ಯಾವುದು ಅನ್ನುವುದು ಬಹುಪಾಲು ಗೊತ್ತಾಗುತ್ತದೆ.

ಕೆಂಪು ಲೈಟ್ ಬರುವುದೇ ಇಲ್ಲ, ಏನೂ ಇಲ್ಲ, ಸಂಪೂರ್ಣ ಡೆಡ್. ಇದು ಹೆಚ್ಚಾಗಿ ಪವರ್ ಸಪ್ಲೈ. ಅದರಲ್ಲೂ ಹಿಂದಿನ ದಿನ ಗಾಳಿಮಳೆ ಆಗಿದ್ದರೆ, ಪಕ್ಕದ ಮನೆಯಲ್ಲೂ ಏನಾದರೂ ಸುಟ್ಟಿದ್ದರೆ, ಫ್ಯೂಸ್ ಹೋಗಿರುತ್ತದೆ ಅಂತಲೇ ತಿಳಿಯಿರಿ.

ಲೈಟ್ ಇದೆ, ಆನ್ ಮಾಡಿದರೆ ಟಿಕ್ ಅಂದು ಮತ್ತೆ ಸ್ಟ್ಯಾಂಡ್‌ಬೈಗೆ ಹೋಗುತ್ತದೆ. ಉಬ್ಬಿದ ಕೆಪಾಸಿಟರ್ ಇರಬಹುದು, ಇಲ್ಲವೇ ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ಬೆಳಕು, ಕೆಟ್ಟು ಟಿವಿ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿರಬಹುದು. ಚಳಿಗಾಲದ ಬೆಳಿಗ್ಗೆ ಆನ್ ಆಗುವುದಕ್ಕೆ ತುಂಬ ಹೊತ್ತು ತೆಗೆದುಕೊಂಡು, ಒಮ್ಮೆ ಬಿಸಿಯಾದ ಮೇಲೆ ಸರಿ ನಡೆದರೆ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಲೈಟ್ ಲೆಕ್ಕ ಹಾಕಿ ಮಿನುಗುತ್ತಿದ್ದರೆ ಎಷ್ಟು ಸಲ ಅಂತ ಎಣಿಸಿ ಬರೆದುಕೊಳ್ಳಿ. ಆ ಲೆಕ್ಕಕ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ, ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ಕೆಲಸ ಉಳಿಯುತ್ತದೆ.

ಧ್ವನಿ ಬರುತ್ತಿದೆ, ಪರದೆ ಕಪ್ಪು. ರಾತ್ರಿ ಲೈಟ್ ಆರಿಸಿ, ಟಿವಿ ಆನ್ ಇಟ್ಟು, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಪ್ಯಾನೆಲ್ ಬದುಕಿದೆ, ಹಿಂದಿನ ಬೆಳಕು ಸತ್ತಿದೆ. ಇದು ಇಂದಿನ ಎಲ್‌ಇಡಿ ಟಿವಿಗಳ ಅತಿ ಸಾಮಾನ್ಯ ರೋಗ. ಓಎಲ್‌ಇಡಿ ಟಿವಿಗೆ ಬ್ಯಾಕ್‌ಲೈಟೇ ಇಲ್ಲ, ಅಲ್ಲಿ ಈ ಪರೀಕ್ಷೆ ಹೊಂದುವುದಿಲ್ಲ.

ಬೆಳಕಿದೆ, ಆದರೆ ಪರದೆ ಪೂರ್ತಿ ಬಿಳಿ ಅಥವಾ ಬೂದು, ಇಲ್ಲವೇ ಚಿತ್ರ ನೆಗೆಟಿವ್ ತರಹ ಕಾಣುತ್ತದೆ. ಪ್ಯಾನೆಲ್ಲಿಗೆ ಚಿತ್ರ ಹಂಚುವ ಸಣ್ಣ ಬೋರ್ಡ್ ಇದೆ, ಟಿಕಾನ್ ಅನ್ನುತ್ತಾರೆ, ಅದು ಅಥವಾ ಅದರ ಪಟ್ಟಿ ಕೇಬಲ್ಲು. ಮೇಲಿಂದ ಕೆಳಗೆ ನೇರ ಗೆರೆ ಬಂದಿದ್ದರೆ ಹೆಚ್ಚಾಗಿ ಪ್ಯಾನೆಲ್ಲಿನದೇ ತೊಂದರೆ. ಪರದೆ ಒಡೆದು ಒಳಗೆ ಶಾಯಿ ಚೆಲ್ಲಿದಂತೆ ಕಂಡರೆ ರಿಪೇರಿ ಇಲ್ಲ. ಹೊಸ ಪ್ಯಾನೆಲ್ಲಿನ ಬೆಲೆ ಹೊಸ ಟಿವಿಯ ಹತ್ತಿರ ಹೋಗುತ್ತದೆ, ಆ ದುಡ್ಡನ್ನು ಹೊಸದಕ್ಕೇ ಹಾಕಿ.

"ನೋ ಸಿಗ್ನಲ್" ಅಂತ ಬಂದರೆ ಟಿವಿಯನ್ನು ಬಯ್ಯಬೇಡಿ. ರಿಮೋಟಿನಲ್ಲಿ ಸೋರ್ಸ್ ಸರಿ ಇದೆಯಾ, ಸೆಟ್‌ಟಾಪ್ ಬಾಕ್ಸ್ ಆನ್ ಇದೆಯಾ ನೋಡಿ. ಇನ್ನೊಂದು ಎಚ್‌ಡಿಎಂಐ ಪೋರ್ಟಿಗೆ ಹಾಕಿ ನೋಡಿ. ಒಂದು ಪೋರ್ಟ್ ಸುಟ್ಟಿದ್ದರೂ ಇನ್ನೊಂದು ನಡೆಯಬಹುದು. ಚಿತ್ರ ಇದ್ದು ಧ್ವನಿ ಇಲ್ಲದಿದ್ದರೆ ಬಾಕ್ಸಿನ ಆಡಿಯೊ ಸೆಟ್ಟಿಂಗನ್ನು ಪಿಸಿಎಂ ಅಥವಾ ಸ್ಟೀರಿಯೊಗೆ ಬದಲಿಸಿ.

ಲೋಗೊ ಬಂದು ಅಲ್ಲೇ ನಿಂತರೆ, ಇಲ್ಲವೇ ಲೋಗೊ ಬರುವುದು ಹೋಗುವುದು ಮಾಡಿದರೆ ಸಾಫ್ಟ್‌ವೇರ್ ಅಥವಾ ಅದು ಕೂತಿರುವ ಮೆಮೊರಿ ಚಿಪ್ ಕಾರಣ. ಪೆನ್‌ಡ್ರೈವಿನಿಂದ ಸಾಫ್ಟ್‌ವೇರ್ ಹಾಕುವ ವಿಡಿಯೊಗಳು ಬೇಕಾದಷ್ಟಿವೆ. ಟಿವಿಯ ಮಾಡೆಲ್ ನಂಬರ್ ಒಂದೇ ಇದ್ದರೆ ಸಾಲದು, ಒಳಗಿನ ಬೋರ್ಡ್ ನಂಬರೂ ಪ್ಯಾನೆಲ್ ನಂಬರೂ ಕೂಡಬೇಕು. ತಪ್ಪು ಫೈಲ್ ಹಾಕಿದರೆ ಚಿತ್ರ ತಲೆಕೆಳಗಾಗಬಹುದು, ಇಲ್ಲವೇ ಟಿವಿ ಪೂರ್ತಿ ಸಾಯಬಹುದು. ಅಪ್‌ಡೇಟ್ ನಡುವೆ ಕರೆಂಟ್ ಹೋದರೂ ಅದೇ ಗತಿ. ಇನ್ವರ್ಟರ್ ಮೇಲೆ ಇಟ್ಟುಕೊಂಡು ಮಾಡಿ.

ಬಿಚ್ಚುವ ಕ್ರಮ

ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ. ಬಿಲ್ಲು ಹುಡುಕಿ, ಕಂಪನಿಗೆ ಫೋನ್ ಮಾಡಿ. ನೀವು ಬಿಚ್ಚಿದ್ದು ಗೊತ್ತಾದರೆ ವಾರಂಟಿ ಕೊಡುವುದಿಲ್ಲ.

ಟೇಬಲ್ ಅಥವಾ ನೆಲದ ಮೇಲೆ ದಪ್ಪ ಕಂಬಳಿ ಹಾಸಿ, ಮೇಲೆ ಒಂದು ಹರಳಿಲ್ಲದ ಮೆತ್ತನೆ ಬಟ್ಟೆ ಹಾಕಿ, ಪರದೆ ಕೆಳಗೆ ಬರುವಂತೆ ಮಲಗಿಸಿ. ಮಂಚ ಬೇಡ, ಹಾಸಿಗೆ ತಗ್ಗಿದ ಕಡೆ ಪ್ಯಾನೆಲ್ ಬಾಗಿ ಒಡೆಯುತ್ತದೆ. 43 ಇಂಚು ಮತ್ತು ಅದಕ್ಕಿಂತ ದೊಡ್ಡದನ್ನು ಇಬ್ಬರು ಹಿಡಿಯಿರಿ. ಸ್ಟ್ಯಾಂಡ್ ಬಿಚ್ಚಿ. ಕವರಿನ ಸ್ಕ್ರೂಗಳಲ್ಲಿ ಉದ್ದ, ಗಿಡ್ಡ ಬೇರೆ ಬೇರೆ ಇರುತ್ತವೆ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ತಿರುಗಿಸಿದರೆ ಅದು ಒಳಗೆ ಹೋಗಿ ಪ್ಯಾನೆಲ್ಲನ್ನೇ ಚುಚ್ಚಬಹುದು. ಅದಕ್ಕೇ ಒಂದು ರಟ್ಟಿನ ಮೇಲೆ ಟಿವಿಯ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಸುತ್ತ ಲಾಕ್ ಇರುತ್ತವೆ, ಹಳೆಯ ಎಟಿಎಂ ಕಾರ್ಡ್ ತೂರಿಸಿ ನಿಧಾನ ಬಿಡಿಸಿ. ಕವರನ್ನು ಒಮ್ಮೆಲೇ ಎಳೆಯಬೇಡಿ, ಸ್ಪೀಕರ್ ಅಥವಾ ಬಟನ್ ವೈರು ಅದಕ್ಕೆ ಅಂಟಿರಬಹುದು.

ಬಿಚ್ಚಿದ ಕೂಡಲೇ ಫೋಟೊ. ಪೂರ್ತಿ ಒಂದು, ಒಂದೊಂದು ಕನೆಕ್ಟರಿನದ್ದು ಒಂದೊಂದು, ಬೋರ್ಡ್ ನಂಬರಿನ ಸ್ಟಿಕ್ಕರಿನದ್ದು ಒಂದು. ಪ್ಯಾನೆಲ್ ನಂಬರ್ ಹಿಂದಿನ ತಗಡಿನ ಮೇಲೆ ಇರುತ್ತದೆ, ಅದೂ ಬೇಕು.

ಮೊದಲು ಕಾಣುವುದು ದೂಳು. ಅದರ ಜೊತೆ ಹಲ್ಲಿಯ ಮೊಟ್ಟೆ, ಜಿರಳೆ, ಇರುವೆ ಗೂಡು. ಹಲ್ಲಿ ಬೋರ್ಡ್ ಮೇಲೆ ಸತ್ತು ಶಾರ್ಟ್ ಆದ ಟಿವಿಗಳು ನಮ್ಮ ಕಡೆ ಅಪರೂಪವಲ್ಲ. ಕೆಪಾಸಿಟರ್ ಖಾಲಿ ಆಗಿದೆ ಅಂತ ಅಳೆದು ಖಾತ್ರಿ ಮಾಡಿಕೊಂಡ ಮೇಲೆ ಮೆತ್ತನೆ ಬ್ರಷ್‌ನಿಂದ ಒರೆಸಿ. ಕಲೆ ಇದ್ದ ಕಡೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಲು ಬಿಡಿ. ನೀರು, ಫಿನಾಯಿಲ್, ಪೆಟ್ರೋಲ್ ಯಾವುದೂ ಬೇಡ. ಆಮೇಲೆ ಒಂದೊಂದೇ ಕನೆಕ್ಟರ್ ಬಿಡಿಸಿ, ಮತ್ತೆ ಅಲ್ಲೇ ಕೂಡಿಸಿ. ಎಚ್‌ಡಿಎಂಐ ಪೋರ್ಟುಗಳಿರುವ ಮೇನ್ ಬೋರ್ಡಿನಿಂದ ಟಿಕಾನ್‌ಗೆ ಹೋಗುವ ತೆಳು ಪಟ್ಟಿ ಕೇಬಲ್ಲಿಗೆ ಸಣ್ಣ ಲಾಕ್ ಇರುತ್ತದೆ, ಅದನ್ನು ಉಗುರಿನಿಂದ ಎತ್ತಿಯೇ ಕೇಬಲ್ ತೆಗೆಯಬೇಕು. ಸಂಪರ್ಕ ಸಡಿಲವಾಗಿ ಚಿತ್ರ ಬಂದು ಹೋಗುತ್ತಿದ್ದ ಟಿವಿ ಇಷ್ಟರಲ್ಲೇ ಸರಿಹೋಗುತ್ತದೆ.

ಪವರ್ ಸಪ್ಲೈ: ಇಲ್ಲಿ ನಿಧಾನವಾಗಿ ಓದಿ

ಬೋರ್ಡಿನಲ್ಲಿ ಎರಡು ಭಾಗ. ಪ್ಲಗ್ ವೈರು ಬರುವ ಕಡೆ ಬಿಸಿ ಭಾಗ, ಅಂದರೆ ನೇರ ಕರೆಂಟಿನದು. ಟ್ರಾನ್ಸ್‌ಫಾರ್ಮರಿನ ಆಚೆಗೆ ತಣ್ಣನೆ ಭಾಗ, ಅಲ್ಲಿ 5 ವೋಲ್ಟ್, 12 ವೋಲ್ಟ್ ಮತ್ತು ಬ್ಯಾಕ್‌ಲೈಟಿನ ಔಟ್‌ಪುಟ್. ಎರಡರ ನಡುವೆ ಬೋರ್ಡ್ ಮೇಲೆ ಗೆರೆ ಹಾಕಿರುತ್ತಾರೆ. ಅನುಭವ ಇಲ್ಲದವರು ಕರೆಂಟ್ ಇರುವಾಗ ಬಿಸಿ ಭಾಗದಲ್ಲಿ ಮೀಟರ್ ಕಡ್ಡಿ ಇಡಬಾರದು. ಅಲ್ಲಿಯ ಎಲ್ಲ ಪರೀಕ್ಷೆಯನ್ನೂ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿಯೇ ನಡೆಸಿ.

ಫ್ಯೂಸ್ ನೋಡಿ. ಮೈಮೇಲೆ 3.15 ಅಥವಾ 5 ಆಂಪಿಯರ್, 250 ವೋಲ್ಟ್ ಅಂತ ಇರುತ್ತದೆ. ಮೀಟರನ್ನು ಬೀಪ್‌ಗೆ ಇಟ್ಟು ಪರೀಕ್ಷಿಸಿ. ಫ್ಯೂಸ್ ಹೋಗಿದ್ದರೆ ಸುಮ್ನೆ ಹೊಸದು ಹಾಕಿ ಪ್ಲಗ್ ಚುಚ್ಚಬೇಡಿ, ಅದು ಹೋಗಿದ್ದಕ್ಕೆ ಕಾರಣ ಬೇರೆ ಕಡೆ ಇರುತ್ತದೆ. ಪಕ್ಕದಲ್ಲೇ ನೀಲಿ ಬಿಲ್ಲೆಯ ತರಹ ಒಂದು ಭಾಗ ಇರುತ್ತದೆ, ಎಂಓವಿ ಅನ್ನುತ್ತಾರೆ, ಮೇಲೆ ಹೆಚ್ಚಾಗಿ 471 ಅಂತ ಮುದ್ರೆ. ಹೈ ವೋಲ್ಟೇಜ್ ಬಂದಾಗ ಇದು ತಾನು ಒಡೆದು, ಶಾರ್ಟ್ ಆಗಿ, ಫ್ಯೂಸನ್ನು ಹಾರಿಸಿ ಉಳಿದ ಬೋರ್ಡನ್ನು ಕಾಪಾಡುತ್ತದೆ. ಎಂಓವಿ ಕರಕಲಾಗಿ, ಉಳಿದದ್ದೆಲ್ಲ ಸರಿ ಇದ್ದರೆ ನೀವು ಪುಣ್ಯವಂತರು. ಅದನ್ನೂ ಫ್ಯೂಸನ್ನೂ ಅದೇ ನಂಬರಿನದು ಹಾಕಿದರೆ ಸಾಕು. ಎಂಓವಿ ಕಿತ್ತು ಹಾಗೇ ನಡೆಸುವವರಿದ್ದಾರೆ. ಟಿವಿ ನಡೆಯುತ್ತದೆ ನಿಜ, ಆದರೆ ಮುಂದಿನ ಸಲ ಬರುವ ಹೈ ವೋಲ್ಟೇಜಿಗೆ ಇಡೀ ಬೋರ್ಡೇ ಬಲಿ.

ಎಂಓವಿ ಸರಿ ಇದ್ದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಕಾಲಿನ ಬ್ರಿಜ್ ಡಯೋಡನ್ನೂ, ತಗಡಿಗೆ ಸ್ಕ್ರೂ ಹಾಕಿದ ಮೂರು ಕಾಲಿನ ಮಾಸ್‌ಫೆಟ್‌ನ್ನೂ ಮೀಟರಿನ ಡಯೋಡ್ ಮೋಡಿನಲ್ಲಿ ನೋಡಿ. ಎರಡೂ ದಿಕ್ಕಿನಲ್ಲಿ ಬೀಪ್ ಬಂದರೆ ಶಾರ್ಟ್. ಮಾಸ್‌ಫೆಟ್ ಹೋದಾಗ ಅದರ ಜೊತೆ ಐಸಿ, ಸಣ್ಣ ರೆಸಿಸ್ಟರುಗಳೂ ಹೋಗಿರುತ್ತವೆ. ಅಲ್ಲಿಗೆ ಬಂದರೆ ಬೋರ್ಡನ್ನು ಮೆಕ್ಯಾನಿಕ್ ಕೈಗೆ ಕೊಡಿ ಅಂತಲೇ ನನ್ನ ಸಲಹೆ. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವುದನ್ನು ಯಾರು ಹೇಳಿದರೂ ಕೇಳಬೇಡಿ. ಹಾಗೆ ಮಾಡಿದ ಟಿವಿಯಿಂದ ಮನೆಗೆ ಬೆಂಕಿ ಬೀಳಬಹುದು.

ಕೆಪಾಸಿಟರ್ ಕೆಲಸ ಇದಕ್ಕಿಂತ ಸುಲಭ. ತಣ್ಣನೆ ಭಾಗದಲ್ಲಿರುವ ಸಣ್ಣ ಡಬ್ಬಿಗಳ ತಲೆ ಉಬ್ಬಿದೆಯಾ, ಕಂದು ಬಣ್ಣದ ರಸ ಸೋರಿದೆಯಾ ನೋಡಿ. ಈ ಭಾಗದ ಆಯುಷ್ಯ ನಿಂತಿರುವುದೇ ಬಿಸಿಯ ಮೇಲೆ, 10 ಡಿಗ್ರಿ ಜಾಸ್ತಿಯಾದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಲೆಕ್ಕ. ನಮ್ಮ ಬಿಸಿಲಿಗೆ ಇವು ಬೇಗ ಹೋಗುವುದು ಇದಕ್ಕೇ. ಬದಲಿಸುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಒಂದು ಹೆಜ್ಜೆ ಮೇಲಿನದು ನಡೆಯುತ್ತದೆ, ಕಡಿಮೆ ಬೇಡ. 85 ಡಿಗ್ರಿಯದು ಕೊಟ್ಟರೆ ವಾಪಸ್ ಕೊಡಿ, 105 ಡಿಗ್ರಿಯ ಲೋ ಇಎಸ್‌ಆರ್ ಅಂತಲೇ ಕೇಳಿ ತನ್ನಿ. ಪಟ್ಟಿ ಇರುವ ಕಾಲು ಮೈನಸ್. ಹಳೆಯದನ್ನು ತೆಗೆಯುವ ಮೊದಲು ಪಟ್ಟಿ ಯಾವ ಕಡೆ ಇತ್ತು ಅನ್ನುವ ಫೋಟೊ ಇರಲಿ, ಉಲ್ಟಾ ಹಾಕಿದರೆ ಸಿಡಿಯುತ್ತದೆ. ಒಂದು ಉಬ್ಬಿದ್ದರೆ ಅದರ ಪಕ್ಕದ ಅದೇ ಸಾಲಿನವನ್ನೂ ಬದಲಿಸಿಬಿಡಿ.

ರಿಪೇರಿ ಆದ ಮೇಲೆ ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬೋರ್ಡ್ ಮೂಲಕ ಕೊಡಿ. ಅಂದರೆ ಟಿವಿಗೆ ಹೋಗುವ ಫೇಸ್ ವೈರಿನ ನಡುವೆ ಒಂದು 100 ವ್ಯಾಟಿನ ತಂತಿ ಬಲ್ಬು. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಶಾರ್ಟ್ ಇಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ, ಕೂಡಲೇ ತೆಗೆಯಿರಿ. ಹೊಸ ಭಾಗ ಸುಡದೆ ಉಳಿಯುತ್ತದೆ. ಆಮೇಲೆ ನೇರ ಕರೆಂಟಿನಲ್ಲಿ, ಕಪ್ಪು ಕಡ್ಡಿಯನ್ನು ತಣ್ಣನೆ ಭಾಗದ ಗ್ರೌಂಡಿಗೆ, ಅಂದರೆ ಮೈನಸ್ ಕಡೆಗೆ, ಇಟ್ಟು, ಒಂದೇ ಕೈ ಬಳಸಿ, ಮೇನ್ ಬೋರ್ಡಿಗೆ ಹೋಗುವ ಕನೆಕ್ಟರಿನಲ್ಲಿ ಸ್ಟ್ಯಾಂಡ್‌ಬೈ ವೋಲ್ಟ್ ಬರುತ್ತಿದೆಯಾ ನೋಡಿ. ಎಷ್ಟು ಬರಬೇಕು ಅನ್ನುವುದು ಪಿನ್ ಪಕ್ಕದಲ್ಲೇ ಬರೆದಿರುತ್ತದೆ. ಅದು ಬರುತ್ತಿದ್ದೂ ಟಿವಿ ಏಳದಿದ್ದರೆ ಮೇನ್ ಬೋರ್ಡಿನ ಕಡೆ ನೋಡಬೇಕು.

ಬ್ಯಾಕ್‌ಲೈಟ್

ಭಾಗ ಅಗ್ಗ, ಕೆಲಸ ಕಷ್ಟ. ಎಲ್‌ಇಡಿಗಳು ಸಾಲಾಗಿ ಒಂದರ ಹಿಂದೆ ಒಂದು ಸೀರೀಸಿನಲ್ಲಿ ಇರುತ್ತವೆ, ಒಂದು ಸತ್ತರೆ ಇಡೀ ಸಾಲು ಆರುತ್ತದೆ. ಅವನ್ನು ತಲುಪಬೇಕಾದರೆ ಪ್ಯಾನೆಲ್ ಗಾಜನ್ನು ಎತ್ತಿ ತೆಗೆಯಲೇಬೇಕು. ಗಾಜಿನ ಅಂಚಿಗೆ ಕಾಗದದಷ್ಟು ತೆಳುವಾದ ಕಂದು ಪಟ್ಟಿಗಳು ಅಂಟಿರುತ್ತವೆ, ಅವು ಹರಿದರೆ ಪ್ಯಾನೆಲ್ ಮುಗಿಯಿತು. ಮೊದಲ ಸಲ ಮಾಡುವವರು 32 ಇಂಚಿಗಿಂತ ದೊಡ್ಡದನ್ನು ಮುಟ್ಟಬೇಡಿ. 32 ಇಂಚಿನದನ್ನೂ ಇಬ್ಬರು ಸೇರಿಯೇ ಮಾಡಿ.

ಫ್ಯಾನ್ ಆಫ್, ಕಿಟಕಿ ಬಂದ್, ಕೈಗೆ ಶುಭ್ರ ಗ್ಲೌಸ್. ಪಟ್ಟಿಗಳು ಅಂಟಿದ ಉದ್ದನೆ ಸಣ್ಣ ಬೋರ್ಡನ್ನು ಮೊದಲು ಬಿಡಿಸಿ, ಅದು ಗಾಜಿನ ಜೊತೆಗೇ ಬರುವ ಹಾಗೆ ಒಬ್ಬರು ಆ ಬದಿ, ಒಬ್ಬರು ಎದುರು ಬದಿ ಹಿಡಿದು ಸಮನಾಗಿ ಎತ್ತಿ, ಸಪಾಟ ಜಾಗದಲ್ಲಿ ಇಡಿ. ಅದರ ಕೆಳಗಿನ ಬಿಳಿ ಹಾಳೆಗಳ ಕ್ರಮ ತಪ್ಪಬಾರದು, ಮೂಲೆಗೆ ಸಣ್ಣ ಗುರುತು ಹಾಕಿ ಒಟ್ಟಿಗೇ ತೆಗೆಯಿರಿ. ಒಳಗೆ ಎಲ್‌ಇಡಿ ಪಟ್ಟಿಗಳು ಕಾಣುತ್ತವೆ. ಸುಟ್ಟದ್ದು ಕಪ್ಪು ಚುಕ್ಕೆಯಾಗಿ ಕಣ್ಣಿಗೇ ಕಾಣಬಹುದು. ಇಲ್ಲದಿದ್ದರೆ ಎಲ್‌ಇಡಿ ಟೆಸ್ಟರ್ ಬೇಕು. ಟಿವಿ ಆನ್ ಇಟ್ಟು ಪಟ್ಟಿಯನ್ನು ಮುಟ್ಟಿ ನೋಡುವ ಯೋಚನೆ ಬೇಡ, ಲೋಡ್ ಇಲ್ಲದಾಗ ಅಲ್ಲಿ 100 ವೋಲ್ಟ್‌ಗಿಂತ ಜಾಸ್ತಿ ಬರಬಹುದು.

ಸತ್ತ ಒಂದು ಎಲ್‌ಇಡಿಯನ್ನು ಮಾತ್ರ ಬದಲಿಸಿದರೆ ಪಕ್ಕದ್ದು ಕೆಲವೇ ದಿನದಲ್ಲಿ ಹೋಗಬಹುದು, ಅವೆಲ್ಲ ಒಂದೇ ವಯಸ್ಸಿನವು. ಪೂರ್ತಿ ಸೆಟ್ ಹಾಕಿ. ಉದ್ದ, ಎಲ್‌ಇಡಿಗಳ ಸಂಖ್ಯೆ, 3 ವೋಲ್ಟಿನದಾ 6 ವೋಲ್ಟಿನದಾ, ಮೇಲಿನ ಲೆನ್ಸ್ ಎಲ್ಲವೂ ಕೂಡಬೇಕು. ಹಳೆಯ ಪಟ್ಟಿಯನ್ನೇ ಅಂಗಡಿಗೆ ಒಯ್ದು ಪಕ್ಕದಲ್ಲಿ ಇಟ್ಟು ನೋಡಿ ತನ್ನಿ. ಪರದೆಯಲ್ಲಿ ದುಂಡಗೆ ಬಿಳಿ ಚುಕ್ಕೆ ಕಾಣುತ್ತಿದ್ದರೆ ಎಲ್‌ಇಡಿ ಸತ್ತಿಲ್ಲ, ಲೆನ್ಸ್ ಕಳಚಿ ಬಿದ್ದಿದೆ ಅಷ್ಟೇ. ಎಲ್ಲ ಮುಗಿದ ಮೇಲೆ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟನ್ನು 60 ಅಥವಾ 70ಕ್ಕೆ ಇಳಿಸಿ. ಬಹಳ ಟಿವಿಗಳು ಹೊಸದರಲ್ಲಿ 100ಕ್ಕೇ ಇರುತ್ತವೆ, ಪಟ್ಟಿ ಸಾಯುವುದು ಆ ಬಿಸಿಗೇ.

ಮೇನ್ ಬೋರ್ಡ್ ಮತ್ತು ಯೂನಿವರ್ಸಲ್ ಬೋರ್ಡ್

ಮೇನ್ ಬೋರ್ಡಿನ ಚಿಪ್ ಕೆಲಸ ಮನೆಯಲ್ಲಿ ಆಗುವುದಿಲ್ಲ. ಅದೇ ನಂಬರಿನ ಬೋರ್ಡ್ ಸಿಕ್ಕರೆ ಬದಲಿಸಬಹುದು, ಸಿಗದಿದ್ದರೆ ಮೆಕ್ಯಾನಿಕ್ ಯೂನಿವರ್ಸಲ್ ಬೋರ್ಡ್, ಅಂದರೆ ಬೇರೆ ಬೇರೆ ಟಿವಿಗೆ ಹೊಂದಿಸಬಹುದಾದ ಬೋರ್ಡ್, ಹಾಕುತ್ತಾರೆ. ಅದರಲ್ಲಿ ಪ್ಯಾನೆಲ್ಲಿಗೆ ಎಷ್ಟು ವೋಲ್ಟ್ ಹೋಗಬೇಕು ಅಂತ ಆರಿಸುವ ಜಂಪರ್ ಅನ್ನುವ ಸಣ್ಣ ಕ್ಲಿಪ್ ಇರುತ್ತದೆ: 3.3, 5 ಮತ್ತು 12. ಅದು 5 ವೋಲ್ಟಿನ ಪ್ಯಾನೆಲ್ ಆಗಿದ್ದು ಜಂಪರ್ 12ರಲ್ಲಿ ಉಳಿದರೆ ಚೆನ್ನಾಗಿದ್ದ ಪ್ಯಾನೆಲ್ ಒಂದೇ ಕ್ಷಣದಲ್ಲಿ ಹೋಗುತ್ತದೆ. ಪ್ಯಾನೆಲ್ ನಂಬರ್ ಬರೆದುಕೊಳ್ಳಿ ಅಂತ ಮೇಲೆ ಹೇಳಿದ್ದು ಇದಕ್ಕೂ ಬೇಕು.

ಮತ್ತೆ ಕೆಡದ ಹಾಗೆ

ಟಿವಿಯ ಹಿಂದಿನ ಲೇಬಲ್ ಓದಿ. ಬಹುತೇಕ ಟಿವಿಗಳಲ್ಲಿ 100ರಿಂದ 240 ವೋಲ್ಟ್ ಅಂತ ಇರುತ್ತದೆ. ಹಾಗಾಗಿ ಲೋ ವೋಲ್ಟೇಜಿಗೆ ಅಷ್ಟು ಹೆದರಬೇಕಿಲ್ಲ, ಹೆದರಬೇಕಾದ್ದು ಹೈ ವೋಲ್ಟೇಜಿಗೆ. ಸ್ಟೆಬಿಲೈಜರ್ ಕೊಳ್ಳುವಾಗ ಹೈ ಕಟ್, ಅಂದರೆ ವೋಲ್ಟೇಜ್ ಏರಿದಾಗ ಕರೆಂಟ್ ಕಡಿಯುವ ವ್ಯವಸ್ಥೆ, ಇದೆಯಾ ಅಂತ ಮೊದಲು ಕೇಳಿ. ಇದ್ದಕ್ಕಿದ್ದಂತೆ ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿದು ಫ್ಯಾನ್ ಜೋರಾಗಿ ತಿರುಗಿದರೆ ಕಂಬದಲ್ಲಿ ನ್ಯೂಟ್ರಲ್ ಕಡಿದಿರಬಹುದು, ಆಗ ಮನೆಗೆ 400 ವೋಲ್ಟ್ ಹತ್ತಿರ ಬರಬಹುದು. ಟಿವಿ ಕಡೆ ಓಡಬೇಡಿ, ಮೇನ್ ಆಫ್ ಮಾಡಿ, ವಿದ್ಯುತ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ.

ಸಿಡಿಲಿನ ಕಾಲದಲ್ಲಿ ಪ್ಲಗ್ ಒಂದನ್ನೇ ಕಿತ್ತರೆ ಸಾಲದು. ಮಾಳಿಗೆ ಮೇಲಿನ ಡಿಶ್‌ನಿಂದ ಬರುವ ವೈರು, ಬಾಕ್ಸಿನ ಎಚ್‌ಡಿಎಂಐ, ಇಂಟರ್‌ನೆಟ್ ವೈರು ಎಲ್ಲದರಿಂದಲೂ ಹೊಡೆತ ಬರುತ್ತದೆ. ಮೋಡ ಕಟ್ಟುವಾಗಲೇ ತೆಗೆದಿಡಿ, ಗುಡುಗು ಶುರುವಾದ ಮೇಲೆ ವೈರು ಮುಟ್ಟಬೇಡಿ. ಗೋಡೆಗೂ ಟಿವಿಗೂ 10 ಸೆಂಟಿಮೀಟರ್ ಜಾಗ ಬಿಡಿ, ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ. ಭೀಮಾ ದಂಡೆಯ ಊರುಗಳಲ್ಲಿ ನೆರೆ ನೀರು ಕುಡಿದ ಟಿವಿ ಇದ್ದರೆ, ಒಣಗಿದಂತೆ ಕಂಡರೂ ಪ್ಲಗ್ ಚುಚ್ಚಬೇಡಿ. ಕೆಸರು ಬೋರ್ಡಿನೊಳಗೆ ಕೂತಿರುತ್ತದೆ, ಬಿಚ್ಚಿ ತೊಳೆದು ಒಣಗಿಸುವುದು ಮೆಕ್ಯಾನಿಕ್ ಕೆಲಸ.

ಭಾಗ ತರುವುದು, ಅಂಗಡಿಗೆ ಕೊಡುವುದು

ಸಣ್ಣ ಭಾಗಗಳಿಗೆ ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಕಡೆ ವಿಚಾರಿಸಿ. ಬೋರ್ಡ್ ನಂಬರ್ ಹಿಡಿದು ಹುಡುಕುವುದಾದರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ನಮಗೂ ಬೀದರಿನವರಿಗೂ ಬೆಂಗಳೂರಿಗಿಂತ ಹತ್ತಿರ. ಫೋಟೊ ತೋರಿಸಿ ಕೊಳ್ಳುವುದಕ್ಕಿಂತ ಹಳೆಯ ಬೋರ್ಡನ್ನೇ ಒಯ್ಯುವುದು ಒಳ್ಳೆಯದು, ನಂಬರಿನ ಕೊನೆಯ ಒಂದು ಅಕ್ಷರ ಬೇರೆ ಇದ್ದರೂ ಕನೆಕ್ಟರ್ ಕೂಡದಿರಬಹುದು.

ಅಂಗಡಿಗೆ ಕೊಡುವಾಗ ಪ್ಯಾನೆಲ್ ನಂಬರ್, ಬೋರ್ಡ್ ನಂಬರ್ ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಪರದೆಯಲ್ಲಿ ಒಡಕು ಇಲ್ಲ ಅನ್ನುವುದಕ್ಕೆ ಅಲ್ಲೇ ಒಂದು ಫೋಟೊ ತೆಗೆಯಿರಿ. "ಅಣ್ಣಾ, ಏನು ಬದಲಿ ಮಾಡಿದ್ರೂ ಹಳೇದು ವಾಪಸ್ ಕೊಡ್ರಿ" ಅಂತ ಮೊದಲೇ ಹೇಳಿ, ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬ್ಯಾಕ್‌ಲೈಟ್ ಹಾಕಿಸಿದ್ದರೆ ಅಂಗಡಿಯಲ್ಲೇ ಒಂದೆರಡು ತಾಸು ಟಿವಿ ನಡೆಸಿ ನೋಡಿ. ಪೂರ್ತಿ ಬಿಳಿ ಚಿತ್ರ ಹಾಕಿಸಿ, ಹಾಳೆಗಳ ನಡುವೆ ದೂಳು ಸಿಕ್ಕಿದ್ದರೆ ಆಗಲೇ ಕಾಣುತ್ತದೆ, ಮನೆಗೆ ತಂದ ಮೇಲೆ ಕಂಡರೆ ಮತ್ತೆ ಪ್ಯಾನೆಲ್ ಎತ್ತಬೇಕಾಗುತ್ತದೆ.